ಹದಿನಾರು ಹಲಗೆಯ ಪೇಟೆ

ನಮ್ಮ ಪೇಟೆ ಹದಿನಾರು ಹಲಗೆಗಳದು. ಒಂದೊಂದು ಹಲಗೆ ಒಂದಡಿ ಉದ್ದ, ಒಂದಡಿ ಅಗಲ. ಚಹಾಪುಡಿಯ ಪೆಟ್ಟಿಗೆ ಒಡೆದು ಕೊಯ್ದ ಪ್ಲೈವುಡ್ಡು. ರಸ್ತೆ ಹಲಗೆಯಿಂದ ಹೊರಬೀಳುವುದಾದರೆ ಅಂಚಿನ ನಟ್ಟನಡುವೆಯೇ ಬೀಳಬೇಕು, ನಾಲ್ಕು ಬೆರಳಗಲವೇ ಇರಬೇಕು. ಅದೊಂದೇ ಕಾಯಿದೆ. ಅದನ್ನು ಪಾಲಿಸಿದರೆ ಯಾವ ಹಲಗೆಯನ್ನು ಯಾವುದರ ಪಕ್ಕ ಹೇಗೆ ತಿರುಗಿಸಿಟ್ಟರೂ ರಸ್ತೆಗೆ ರಸ್ತೆ ಕೂಡುತ್ತಿತ್ತು. ಈ ಶನಿವಾರ ಬಜಾರಿನ ಎಡಕ್ಕಿದ್ದ ಬಾವಿ ಮುಂದಿನ ಶನಿವಾರ ಬಲಕ್ಕೆ ಬರುತ್ತಿತ್ತು. ವಾರಕ್ಕೊಂದು ಹೊಸ ಊರು. ಅದರ ಮೇಲೆ ಹೆಬ್ಬೆರಳ ಗೆಣ್ಣಿನಷ್ಟೆತ್ತರದ ಸೀಸದ ಸಿಪಾಯಿಗಳು, ಒಂದು ಅಳತೆಪಟ್ಟಿ, ನಾಲ್ಕು ದಾಳ.

೧೯೭೯ರ ಮಾತು. ನಾನು ಬಾಗಲಕೋಟೆಯ ಹಳೇ ಪೇಟೆಯಲ್ಲಿ, ಹೊಳೆಯ ಕಡೆಗೆ ಇಳಿಯುವ ಓಣಿಯೊಂದರ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ವಾರವೆಲ್ಲ ಮದುವೆಯ ಕಾರ್ಡು, ಅಡತಿ ಅಂಗಡಿಯ ಪಾವತಿ, ತೀರಿಕೊಂಡವರ ಸುದ್ದಿ. ಶನಿವಾರ ಸಂಜೆ ಹಿಂದಿನ ಕೋಣೆಯಲ್ಲಿ ನಮ್ಮ ಓದುಬಳಗ. ಹತ್ತು ಜನಕ್ಕೆ ಒಂದು ಪುಸ್ತಕ. ಒಬ್ಬ ಓದುವುದು, ಒಂಬತ್ತು ಜನ ಜಗಳಾಡುವುದು. ಸಾಲಿ ಮಾಸ್ತರರಾದ ರಾಚಯ್ಯನವರು ನಮಗೆ ಹಿರಿಯರು. ಜಾತಿ ಬಿಟ್ಟು ಒಂದೇ ಗಂಗಾಳದಲ್ಲಿ ಚುರುಮುರಿ ತಿನ್ನುವುದನ್ನು ನಾವು ಕಲಿತದ್ದು ಅಲ್ಲಿ.

ಆ ಓಣಿ ಈಗ ಹಿನ್ನೀರಿನ ಕೆಳಗಿದೆ. ಎಲ್ಲೋ ಕುಳಿತವರು ನಕ್ಷೆಯ ಮೇಲೆ ಒಂದು ನೀಲಿ ಗೆರೆ ಎಳೆದರು, ಗೆರೆಯ ಒಳಗೆ ನಮ್ಮ ಕೋಣೆ ಇತ್ತು. ನಕ್ಷೆ ಬರೆಯುವವರು ಯಾವತ್ತೂ ಬೇರೆ, ನಕ್ಷೆಯೊಳಗೆ ಬದುಕುವವರು ಬೇರೆ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಆದರೂ ಕೋಣೆ ನೆನಪಾದಾಗ ಮೊದಲು ಬರುವುದು ಸಿಟ್ಟಲ್ಲ, ವಾಸನೆ: ಹುಣಸೆಬೀಜ ಕುದಿಸಿದ ಅಂಟು, ಮುದ್ರಣದ ಮಸಿ, ಕಾದ ಸೀಸ.

ಆಟ ತಂದವನು ಕಾಶಪ್ಪಣ್ಣ. ಕಮತಗಿಯವನು, ಮಿಲಿಟರಿಯಲ್ಲಿ ಹವಾಲ್ದಾರನಾಗಿ ಪಿಂಚಣಿ ಪಡೆದು ಬಂದು ನಮ್ಮ ಪಕ್ಕದ ಅರಳೆ ಗೋದಾಮಿಗೆ ಕಾವಲಿಗಿದ್ದ. ಪಲ್ಟನ್ನಿನಲ್ಲಿ ಅವನ ಕೈ ಮಣ್ಣಿಗೆ ಹೆಸರಾಗಿತ್ತಂತೆ. ಸಾಹೇಬರು ದಾಳಿಯ ಮುಂಚೆ ನೋಡಲಿಕ್ಕೆ ಮರಳಿನಲ್ಲಿ ಊರು, ಹೊಳೆ, ಗುಡ್ಡ ಮಾಡಿಕೊಡುವ ಕೆಲಸ. ಅವರಲ್ಲೊಬ್ಬ ಕ್ಯಾಪ್ಟನ್ನನಿಗೆ ರಜೆಯ ದಿನ ಸೀಸದ ಗೊಂಬೆಗಳಿಂದ ಯುದ್ಧ ಆಡುವ ಶೋಕಿ. ಅವನಿಂದ ಇವನಿಗೆ ಬಂತು. ಒಂದು ಶನಿವಾರ ಕೋಣೆಯ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದ:

"ಈರಪ್ಪಾ, ಸವದ ಮೊಳಿ ಇದ್ರ ಕೊಡಪಾ ಒಂದಿಷ್ಟು. ಸಿಪಾಯಿ ಮಾಡಬೇಕಾಗೇತಿ."

ಸವೆದ ಅಕ್ಷರಗಳನ್ನು ಕರಗಿಸಿ ಸಿಪಾಯಿ ಮಾಡುತ್ತಾನೆಂದು ಕೇಳಿ ರಾಚಯ್ಯ ಮಾಸ್ತರರಿಗೆ ಮೈಯೆಲ್ಲ ಉರಿಯಿತು.

"ಕಾಶಪ್ಪಾರ, ಯುದ್ಧ ಅಂದ್ರ ಆಟಾ ಏನ್ರಿ? ಬಡವರ ಮಕ್ಕಳು ಸಾಯೋದು, ಮ್ಯಾಲಿನವರು ಎದಿಗೆ ಬಿಲ್ಲಿ ಹಚಗೊಳ್ಳೋದು. ಅದನ್ನ ಟೇಬಲ್ ಮ್ಯಾಲ ಆಡ್ತೀರಿ?"

"ಮಾಸ್ತರ, ನೀವು ಅದನ್ನ ಓದೀರಿ. ನಾ ಅದರಾಗ ಹೊರಳಾಡಿ ಬಂದೇನಿ," ಎಂದ ಕಾಶಪ್ಪಣ್ಣ. "ಮತ್ತ ನಿಮ್ಮ ಕ್ರಾಂತಿ ಎಲ್ಲಿ ಆಗೂದ್ರಿ? ಓಣ್ಯಾಗ ಹೌದಲ್ಲ? ಹಂಗಾರ ಓಣಿ ಅಂದ್ರ ಹೆಂಗಿರತೈತಿ, ಒಮ್ಮೆರ ನೋಡಬರ್ರಿ."

ನಾವೆಲ್ಲ ನಕ್ಕೆವು. ಮಾಸ್ತರರು ನಗಲಿಲ್ಲ. ಮೂರನೆಯ ವಾರಕ್ಕೆ "ನನ್ನ ದಾಳ ಮುಟ್ಟಬ್ಯಾಡಲೇ" ಎಂದು ನನ್ನ ಕೈಗೆ ಹೊಡೆದವರು ಅವರೇ.

ಪುಸ್ತಕ ಏಳಕ್ಕೆ ಮುಗಿಯುತ್ತಿತ್ತು, ಪೇಟೆ ಏಳೂವರೆಗೆ ಏಳುತ್ತಿತ್ತು. ಬಯಲು ರಸ್ತೆಯಲ್ಲಿ ಸಿಪಾಯಿ ಒಂದು ಸರತಿಗೆ ಆರು ಇಂಚು ಓಡಬಹುದು. ಎದುರಾಳಿಗೆ ಅವನು ಕಂಡರೆ ನಾಲ್ಕು ದಾಳ; ಯಾವುದಾದರೂ ಒಂದರಲ್ಲಿ ಐದೋ ಆರೋ ಬಿದ್ದರೆ ಸಿಪಾಯಿ ಸತ್ತ. ಗೋಡೆಯ ಮರೆ ಇದ್ದರೆ ಆರು ಬೀಳಬೇಕು, ಅದೇ ದಾಳ ಇನ್ನೊಮ್ಮೆ ಎಸೆದಾಗ ಮತ್ತೆ ಆರು ಬೀಳಬೇಕು. ಇಷ್ಟೇ. ಆದರೆ ಅದರೊಳಗೆ ಎಂಥ ಗುದ್ದಾಟ! ಅಳತೆಪಟ್ಟಿ ಓರೆ ಹಿಡಿದರೆಂದು ಎರಡು ವಾರ ಮಾತು ಬಿಟ್ಟವರಿದ್ದರು.

ಮೊದಲಿನ ಮನೆಗಳನ್ನು ಕಾಶಪ್ಪಣ್ಣನೇ ಮಾಡಿದ್ದ. ಸೀರೆಯ ಡಬ್ಬಿಯ ರಟ್ಟು ಮಡಚಿ ಸುಣ್ಣ ಬಳಿದರೆ ಒಂದು ಮನೆ. ನೋಡಲಿಕ್ಕೆ ಸಾಬೂನಿನ ತುಂಡು ಇಟ್ಟ ಹಾಗೆ. ಅವನಿಗೆ ಚಂದ ಬೇಕಾಗಿರಲಿಲ್ಲ. ಯಾವ ಊರು ಜೋಡಿಸಿದರೂ ಒಂದು ಮೂಲೆಯಲ್ಲಿ ಅವೇ ಮೂರು ಹಲಗೆ, ಅದೇ ಸಾಲಿನಲ್ಲಿ ಬರುತ್ತವೆ ಎನ್ನುವುದು ನನಗೆ ತಿಳಿಯಲಿಕ್ಕೆ ಎರಡು ತಿಂಗಳು ಹಿಡಿಯಿತು. ಮೊದಲು ಒಂದು ತಿರುವು. ಆಮೇಲೆ ಅಡ್ಡದಾರಿಯಿಲ್ಲದ ನೀಟ ಓಣಿ. ಓಣಿಯ ಕೊನೆಗೆ ಹಸಿರು ಕಿಟಕಿಯ ಅಟ್ಟದ ಮನೆ. ಆ ಕಿಟಕಿಯಲ್ಲಿ ಎದುರಾಳಿಯ ಬಂದೂಕು. ತಿರುವಿನಿಂದ ಕಾಶಪ್ಪಣ್ಣ ಒಬ್ಬನೇ ಸಿಪಾಯಿಯನ್ನು ಮುಂದೆ ಬಿಡುತ್ತಿದ್ದ. ಆ ಸಿಪಾಯಿ ಒಂದು ಶನಿವಾರವೂ ಓಣಿ ದಾಟಲಿಲ್ಲ.

"ಕಾಶಪ್ಪಣ್ಣಾ, ಬ್ಯಾರೆ ಕಡಿಂದ ಹೋಗೋಣಲ್ಲ," ಎಂದು ಒಂದು ದಿನ ಹೇಳಿದೆ. "ಎಷ್ಟ ಸಲ ಅಲ್ಲೇ ಸಾಯ್ತಾನ ಅಂವ?"

ಎಲ್ಲರೂ ಹೋಗಿ ನಾವಿಬ್ಬರೇ ಹಲಗೆ ಒಟ್ಟುತ್ತಿದ್ದೆವು. ಅವನು ಸಿಪಾಯಿಯನ್ನು ಅಂಗೈಯಲ್ಲಿ ಹೊರಳಿಸುತ್ತ ಹೇಳಿದ. ಎಪ್ಪತ್ತೊಂದರ ಡಿಸೆಂಬರು. ಪೂರ್ವ ಬಂಗಾಲದ ಒಂದು ಪೇಟೆ, ಹೆಸರು ಸರಿಯಾಗಿ ನಾಲಗೆಗೆ ಹೊರಳದು. ಅವನ ಕೈಕೆಳಗೆ ಒಂಬತ್ತು ಜನ. ತಿರುವಿಗೆ ಬಂದು ನಿಂತಾಗ ಮುಂದೆ ಅಂಥ ಓಣಿ.

"ಯಾರರೆ ಒಬ್ಬರು ಮೊದಲ ಹೋಗಬೇಕಿತ್ತು. ಹಿಂದಿಂದ 'ಜಲ್ದಿ, ಜಲ್ದಿ' ಅನ್ನಾಕ ಹತ್ತಿದ್ರು. ನಾ ಹುಸೇನನ್ನ ಕರದೆ. ಇಳಕಲ್ಲಾಂವ, ಹುಸೇನಸಾಬ. ಕಂಪನ್ಯಾಗ ನನ್ನ ಕೂಡ ಕನ್ನಡ ಮಾತಾಡಾಂವ ಅಂವ ಒಬ್ಬನ. ಅವಸರದಾಗ ಬಾಯಿಗೆ ಬಂದಿದ್ದ ಆ ಹೆಸರ ನೋಡು."

ಹಿಂದಿ ಬಾಯಿಗೆ ಬಂದಿದ್ದರೆ ಇನ್ಯಾರೋ ಸಾಯುತ್ತಿದ್ದರು ಎಂದುಕೊಂಡೆ.

ಹುಸೇನಸಾಬನ ಹೆಂಡತಿ ಕಾಸಿಂಬಿ ಇಳಕಲ್ಲಿನಲ್ಲಿ ನೇಕಾರರಿಗೆ ನೂಲು ಸುತ್ತಿ ಬದುಕುತ್ತಿದ್ದಳು. ಸರಕಾರ ಅವಳಿಗೆ ಮೂರು ಸಾಲು ಬರೆದಿತ್ತು: ಕರ್ತವ್ಯದಲ್ಲಿದ್ದಾಗ, ವೀರಮರಣ, ವಿಷಾದ. ಮೂರು ಸಾಲಿನಲ್ಲಿ ಓಣಿಯಿಲ್ಲ, ತಿರುವಿಲ್ಲ, ಕಳಿಸಿದವನ ಹೆಸರಿಲ್ಲ. ಅವಳು ವರ್ಷಕ್ಕೊಂದು ಕಾಗದ ಯಾರಿಂದಲೋ ಬರೆಸಿ ಹಾಕುತ್ತಿದ್ದಳು. "ಅಣ್ಣಾ, ನೀವು ಜೊತೆಗಿದ್ದಿರಿ ಅಂತಾರೆ. ಹೇಗಾಯಿತು ತಿಳಿಸಿರಿ." ಎಂಟು ಕಾಗದ. ಕಾಶಪ್ಪಣ್ಣ ಒಂದಕ್ಕೂ ಉತ್ತರ ಬರೆದಿರಲಿಲ್ಲ. ಬರೆಯುವ ಮೊದಲು ಅವನಿಗೊಂದು ತಿಳಿಯಬೇಕಿತ್ತು: ಆ ಓಣಿಯಲ್ಲಿ ಉಳಿಯುವ ದಾರಿ ಏನಾದರೂ ಇತ್ತೋ, ಇಲ್ಲವೋ. ಅದಕ್ಕೇ ಆ ಹದಿನಾರು ಹಲಗೆ.

ಅಷ್ಟರಲ್ಲಿ ಯಾಕೂಬಸಾಬ ಬಂದ. ನಮ್ಮ ಓಣಿಯ ತುದಿಯವನು, ಮೊಹರಮ್ಮಿಗೆ ತಾಬೂತು ಕಟ್ಟುವವನು. ಬಿದಿರ ಸೀಳು, ಬಣ್ಣದ ಕಾಗದ, ಅಂಟು ಕೊಟ್ಟರೆ ಆಳೆತ್ತರದ ಗುಮ್ಮಟ ನಿಲ್ಲಿಸುತ್ತಿದ್ದ. ಕಿಟಕಿಯಿಂದ ನಮ್ಮ ಪೇಟೆ ನೋಡಿ ಒಳಗೆ ಬಂದವನು ಮೂಗು ಮುರಿದ.

"ಇವು ಮನಿಗಳೇನ್ರಿ ಹವಾಲ್ದಾರ್ರ? ಇಲಿ ಸುದ್ದಾ ಬಾಡಿಗಿ ಕೊಡೂದಿಲ್ಲ."

"ನೀ ಮಾಡಿ ತೋರಸಪಾ ಹಂಗಾರ."

ಮಾಡಿದ. ಒಂದೂವರೆ ತಿಂಗಳು ಅವನ ಕೈ ನೋಡುವುದೇ ನಮಗೆ ಒಂದು ಪಾಠವಾಯಿತು. ಬಿದಿರ ಸೀಳಿನ ಚೌಕಟ್ಟು, ಮೇಲೆ ರಟ್ಟು, ಅದರ ಮೇಲೆ ಅಂಟಿನಲ್ಲಿ ಕಲಸಿದ ಬಾದಾಮಿಯ ಕೆಂಪು ಮರಳು. ಮಾಸ್ತರರು ರೈಲಿನಲ್ಲಿ ಬಾದಾಮಿಗೆ ಹೋಗಿ ಒಂದು ಚೀಲ ತುಂಬಿಕೊಂಡು ಬಂದಿದ್ದರು. ಒಣಗಿದ ಮೇಲೆ ಗೋಡೆಗೆಲ್ಲ ಮೊದಲು ಕಪ್ಪು. ನಮ್ಮ ಮುಖ ಬಾಡಿತು.

"ಮಸಿ ಬಡದಿ ಬಿಡು," ಎಂದರು ಮಾಸ್ತರರು.

"ತಡೀರಿ ಮಾಸ್ತರ. ಮೊದಲ ಕತ್ತಲಿ ಹಚ್ಚಬೇಕು, ಆಮ್ಯಾಲ ಬೆಳಕ." ಅವನು ಕುಂಚವನ್ನು ಕೆಮ್ಮಣ್ಣಿನ ಬಣ್ಣದಲ್ಲಿ ಅದ್ದಿ, ತನ್ನ ಲುಂಗಿಗೆ ಒರೆಸಿ ಒರೆಸಿ ಬಣ್ಣ ಇಲ್ಲವೇ ಇಲ್ಲ ಅನ್ನುವಷ್ಟು ಒಣಗಿಸಿ, ಗೋಡೆಯ ಮೇಲೆ ಹಗುರಾಗಿ ಆಡಿಸಿದ. ಉಬ್ಬಿದ ಮರಳಿನ ಕಾಳುಗಳಿಗಷ್ಟೇ ಬಣ್ಣ ಹತ್ತಿತು, ಸಂದಿನಲ್ಲಿ ಕಪ್ಪು ಉಳಿಯಿತು. ನೋಡುನೋಡುತ್ತ ರಟ್ಟು ಕಲ್ಲಾಯಿತು. ಆ ಲುಂಗಿಯೂ ಕೊನೆಗೆ ಬಾದಾಮಿಯ ಗುಡ್ಡದ ಹಾಗಾಗಿತ್ತು. ಮನೆಗೆ ಹೋದರೆ ಹೆಂಡತಿ ಲಾಡಬಿ ಬೈಯುತ್ತಾಳೆಂದು ಅವನು ಕತ್ತಲಾಗುವತನಕ ಕೋಣೆ ಬಿಡುತ್ತಿರಲಿಲ್ಲ.

ಮೇಲೆ ಮಣ್ಣಿನ ಮಾಳಿಗೆ, ಅದಕ್ಕೆ ಬೆಳಕಿಂಡಿ. ಬಾಗಿಲಿಗೆ ಹೊಸ್ತಿಲು. ಪ್ರತಿ ಮನೆಯ ಮುಂದೆ ಒಂದು ಕಟ್ಟೆ. ಆ ಕಟ್ಟೆಗಳನ್ನು ಅವನು ಚೂರು ಮರದಿಂದ ಕೊರೆದು ಒಂದೊಂದಾಗಿ ಅಂಟಿಸಿದ್ದ.

ಹೊಸ ಮನೆಗಳ ಮೊದಲ ಶನಿವಾರ ಕಾಶಪ್ಪಣ್ಣ ತನ್ನ ಮೂರು ಹಲಗೆ ಇಟ್ಟ. ತಿರುವಿನಿಂದ ಸಿಪಾಯಿ ಹೊರಟ. ಆರು ಇಂಚಿಗೆ ಸರಿಯಾಗಿ ಒಂದು ಕಟ್ಟೆ.

"ಕಟ್ಟಿ ಹಿಂದ ಕೂತಾನ್ರಿ. ಮರಿ ಸಿಕ್ಕಂಗ ಆತು," ಎಂದೆ ನಾನು.

ಮಾಸ್ತರರು ದಾಳ ಎಸೆದರು. ತಾಗಲಿಲ್ಲ. ಮುಂದಿನ ಸರತಿಗೆ ಇನ್ನೊಂದು ಕಟ್ಟೆ. ತಾಗಲಿಲ್ಲ. ಮೂರನೆಯದಕ್ಕೆ ಸಿಪಾಯಿ ಹಸಿರು ಕಿಟಕಿಯ ಗೋಡೆಗೆ ಬೆನ್ನು ಹಚ್ಚಿ ನಿಂತ.

ಕಾಶಪ್ಪಣ್ಣ ಎದ್ದು ಹೊರಗೆ ಹೋದ. ತಿರುಗಿ ಬರುವಾಗ ಕೈಯಲ್ಲಿ ಎಲ್ಲರಿಗೂ ಕರದಂಟು. ಮುಂದಿನ ವಾರವೂ ಸಿಪಾಯಿ ಉಳಿದ, ಅದರ ಮುಂದಿನ ವಾರವೂ. ನಾಲ್ಕನೆಯ ವಾರಕ್ಕೆ ಕಾಶಪ್ಪಣ್ಣನ ಮಾತೇ ಬೇರೆಯಾಗಿತ್ತು.

"ಕಟ್ಟಿ ಹಿಂದ ಕುಂದರಬೇಕಿತ್ತು ಹುಸೇನ. ನೆಟ್ಟಗ ಓಡಿದ. ನಾ ಏನ ಮಾಡ್ಲಿ? ಹುಂಬ ಇದ್ದ, ತಪ್ಪ ಅವಂದ ಆತು." ಅಂದೇ ಒಂದು ಕಾರ್ಡು ತರಿಸಿ ಕಾಸಿಂಬಿಗೆ ನನ್ನಿಂದ ಬರೆಸಿದ: "ಬರ್ತೇನಿ ತಂಗಿ. ಹೇಳೂದಲ್ಲ, ತೋರಿಸ್ತೇನಿ."

ಇಳಕಲ್ಲಿಗೆ ಹೊರಡುವ ಮುಂಜಾನೆ ಹಲಗೆಗೆ ಗೋಣಿತಟ್ಟು ಸುತ್ತಿಕೊಡಲಿಕ್ಕೆ ಯಾಕೂಬಸಾಬ ಬಂದಿದ್ದ. ನಮ್ಮ ಮಾತು ಕೇಳುತ್ತ ಕೇಳುತ್ತ ಅವನ ಕೈ ನಿಂತಿತು. ನನ್ನನ್ನು ಆಚೆಗೆ ಕರೆದ.

"ಈರಪ್ಪಾ, ಇದು ಬಂಗಾಲದ ಊರಂತಲ್ಲೋ. ನನಗ ಯಾರೂ ಹೇಳಲಿಲ್ಲ. ಕಟ್ಟಿ ಇಲ್ಲದ್ದು ಮನಿ ಹೆಂಗಾದೀತು ಅಂತ ನಾನ ಹಚ್ಚಿದೆ. ಅಲ್ಲಿ ಕಟ್ಟಿ ಇದ್ದೂವೇನು?"

ಬಂಗಾಲದ ಕಥೆ ಅಷ್ಟರಲ್ಲಿ ನಮಗೆಲ್ಲ ತಿಳಿದಿತ್ತು. ಅಷ್ಟು ಓದಿದ ನಮ್ಮ ಬಳಗದಲ್ಲಿ ಒಬ್ಬನೂ ಆ ಪ್ರಶ್ನೆ ಕೇಳಿರಲಿಲ್ಲ. ಲೋಕದ ಬಡವರೆಲ್ಲ ಒಂದೇ ಎಂದು ಗಂಟಲು ಹರಿದುಕೊಂಡವರು ನಾವು. ಅವರ ಮನೆಗಳ ಮುಂದೆ ನಮ್ಮ ಕಟ್ಟೆಯೇ ಇರುತ್ತದೆಂದು ನಂಬಿ ಕುಳಿತಿದ್ದೆವು.

ಬಸ್ಸಿನಲ್ಲಿ ಮೂರು ಹಲಗೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಕುಳಿತೆವು. ಕಂಡಕ್ಟರ್ ಗೋಣಿಯ ಸಂದಿಯಲ್ಲಿ ಇಣುಕಿದ.

"ಏನ್ರೀ ಯಜಮಾನ್ರ, ಮನಿ ಹೊತ್ಕೊಂಡು ಹೊಂಟೀರಿ?"

"ಮನಿ ಅಲ್ಲಪಾ, ಇಡೀ ಓಣಿ," ಎಂದ ಕಾಶಪ್ಪಣ್ಣ.

"ಹಂಗಾರ ಓಣ್ಯಾಗಿನ ಮಂದಿಗೆಲ್ಲಾ ಟಿಕೀಟ ತಗೀರಿ!"

ಬಸ್ಸೆಲ್ಲ ನಕ್ಕಿತು. ಕಾಶಪ್ಪಣ್ಣನೂ ಜೋರಾಗಿ ನಕ್ಕ. ಕಮತಗಿ ದಾಟಿತು. ಅವನು ತನ್ನ ಊರಿನ ಕಡೆ ತಿರುಗಿಯೂ ನೋಡಲಿಲ್ಲ, ಕಾಸಿಂಬಿಗೆ ಹೇಳಬೇಕಾದ ಮಾತನ್ನು ತುಟಿಯಲ್ಲೇ ಆಡಿಕೊಳ್ಳುತ್ತಿದ್ದ. ಹುನಗುಂದ ಹತ್ತಿರ ಬಂದಾಗ ನನಗೆ ತಡೆಯಲಾಗಲಿಲ್ಲ.

"ಕಾಶಪ್ಪಣ್ಣಾ, ಆ ಊರಾಗ ಮನಿ ಮುಂದ ಕಟ್ಟಿ ಇದ್ದೂವೇನು?"

ಅವನು ಕಿಟಕಿಯಿಂದ ಹೊರಗೆ ನೋಡತೊಡಗಿದ. ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಜನ ಇಳಿದರು, ಹತ್ತಿದರು. ಬಸ್ಸು ಮತ್ತೆ ಹೊರಟಿತು.

"ಸುಮ್ ಕುಂದ್ರಲೇ," ಎಂದ. ಬಯ್ದ ಹಾಗಿರಲಿಲ್ಲ, ಬೇಡಿಕೊಂಡ ಹಾಗಿತ್ತು.

ಇಳಕಲ್ಲಿನ ಆ ಓಣಿಯಲ್ಲಿ ಮನೆಮನೆಗೂ ಮಗ್ಗದ ಸಪ್ಪಳ. ಕಾಸಿಂಬಿ ಮೂವತ್ತು ದಾಟಿದವಳು, ತೆಳ್ಳಗಿನ ಹೆಂಗಸು. ಸುತ್ತುವ ರಾಟಿ ಬದಿಗಿಟ್ಟು, ಕೈಗೆ ಹತ್ತಿದ ಕೆಂಪು ಬಣ್ಣ ಒರೆಸಿಕೊಳ್ಳುತ್ತ ಬಂದು ಚಾಪೆ ಹಾಸಿದಳು. ಒಳಗಿನ ಕತ್ತಲೆಯಲ್ಲಿ ಒಬ್ಬಳು ಮುದುಕಿ ಗೋಡೆಗೊರಗಿ ಕುಳಿತಿದ್ದಳು, ಹುಸೇನಸಾಬನ ತಾಯಿ ಗುಲಾಬಬಿ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಯಾರು ಬಂದರೆಂದು ಆಕೆ ಕೇಳಲೂ ಇಲ್ಲ.

ಕಾಶಪ್ಪಣ್ಣ ನೆಲದ ಮೇಲೆ ಮೂರು ಹಲಗೆ ಕೂಡಿಸಿಟ್ಟ. ತಿರುವು, ಓಣಿ, ಹಸಿರು ಕಿಟಕಿ. ತಿರುವಿನಲ್ಲಿ ಸಿಪಾಯಿಯನ್ನು ನಿಲ್ಲಿಸಿದ. ಕಾಸಿಂಬಿ ಬಾಗಿ ನೋಡಿದಳು. ಅವಳ ಮುಖದಲ್ಲಿ ಮೊದಲು ಬಂದದ್ದು ಅಳುವಲ್ಲ, ಆಶ್ಚರ್ಯ.

"ಅಯ್ಯ, ಇದು ನಮ್ಮ ಓಣಿ ಇದ್ದಂಗ ಐತಲ್ಲಣ್ಣಾ! ಅಲ್ಲೂ ಹಿಂಗ ಕಟ್ಟಿ ಇರ್ತಾವ?" ಒಂದು ಕಟ್ಟೆಯ ಮೇಲೆ ಬೆರಳಿಟ್ಟಳು. "ಕಟ್ಟಿ ಇದ್ರ ಅವರು ಇದರ ಹಿಂದ ಯಾಕ ಕೂಡಲಿಲ್ಲ?"

ಆ ಪ್ರಶ್ನೆಗೆ ಅವನ ಹತ್ತಿರ ಉತ್ತರ ತಯಾರಿತ್ತು. ಬಸ್ಸಿನಲ್ಲಿ ಹತ್ತು ಸಲ ಆಡಿಕೊಂಡದ್ದು ಅದನ್ನೇ. ಬಾಯಿ ತೆರೆದ. ಕಿಸೆಯಲ್ಲಿ ಕೈ ಹಾಕಿ ಅಡಿಕೆ ಕತ್ತರಿಸುವ ಚಾಕು ತೆಗೆದ, ಮೊದಲ ಮನೆಯ ಕಟ್ಟೆಯ ಕೆಳಗೆ ಅಲಗು ತೂರಿಸಿ ಮೀಟಿದ. ಯಾಕೂಬಸಾಬನ ಅಂಟು ಗಟ್ಟಿ. ಕಟ್ಟೆಯ ಜೊತೆ ಒಂದಿಷ್ಟು ಗೋಡೆಯೂ ಕಿತ್ತು ಬಂತು. ಎರಡನೆಯದು. ಮೂರನೆಯದು. ಒಂದು ಬದಿಗೆ ಏಳು, ಇನ್ನೊಂದು ಬದಿಗೆ ಆರು. ಹದಿಮೂರನ್ನೂ ಕಿತ್ತು ಚಾಪೆಯ ಮೇಲೆ ಗುಡ್ಡೆ ಹಾಕುವತನಕ ಅವನು ತಲೆ ಎತ್ತಲಿಲ್ಲ.

"ಕಟ್ಟಿ ಇರಲಿಲ್ಲ ತಂಗಿ. ಎರಡೂ ಕಡಿಗೆ ತಗಡಿನ ಗ್ವಾಡಿ, ನಡುವ ಬಯಲ ರಸ್ತಾ. ಮರಿ ಏನೂ ಇರಲಿಲ್ಲ." ಸಿಪಾಯಿಯನ್ನು ಓಣಿಯ ನಡುವೆ ಸರಿಸಿದ. "ಇಲ್ಲಿ. ಇಲ್ಲಿತನಾ ಬಂದ. 'ಹುಸೇನಾ, ನೀ ಮೊದಲ ಹೋಗಲೇ' ಅಂತ ನಾ ಅಂದೆ. ಹಿಂದ ಮುಂದ ನೋಡದ ಹೋದ. ಅಂವ ಏನೂ ತಪ್ಪ ಮಾಡಲಿಲ್ಲ. ನಾ ಕಳಿಸಿದೆ."

ಕಾಸಿಂಬಿ ತಿರುವಿನಿಂದ ಸಿಪಾಯಿ ನಿಂತಲ್ಲಿಯವರೆಗೆ ಕೈ ಚಾಚಿ ಅಳೆದಳು. ಒಂದು ಗೇಣು. ಆಮೇಲೆ ಎದ್ದು ಒಳಗೆ ಹೋದಳು. ನಮ್ಮನ್ನು ಹೊರಗೆ ಹಾಕುತ್ತಾಳೆಂದೇ ನಾನು ತಿಳಿದೆ. ಅವಳು ಅತ್ತೆಯ ಕೈ ಹಿಡಿದು ನಡೆಸಿಕೊಂಡು ಬಂದಳು.

"ಅಣ್ಣಾ, ರಜಾಕ್ಕ ಬಂದಾಗ ಅವರಿಗೆ ಜ್ವರ ಬಂದಿತ್ತು. ಅಷ್ಟರಾಗ 'ವಾಪಸ್ ಬಾ' ಅಂತ ತಾರು ಬಂತು. ಅತ್ತಿ 'ಬ್ಯಾಡ' ಅಂದ್ರು. ನಾ 'ಹೋಗ್ರಿ, ನೌಕರಿ ಹೋದೀತು' ಅಂದೆ. ಎಂಟ ವರ್ಷ ಆತು, 'ನೀನ ಕಳಿಸಿ ಕೊಂದಿ' ಅಂತ ಇವರು ದಿನಾ ಅಂತಾರ." ಅತ್ತೆಯ ಕೈ ಬಿಡದೆ ಹೇಳಿದಳು. "ಈಗ ನನಗ ಹೇಳಿದ್ದು ಇವರಿಗೊಮ್ಮೆ ಹೇಳ್ರಿ. ನಾ ಕಾಗದ ಬರಸಿದ್ದು ಅದಕ್ಕ."

ಗುಲಾಬಬಿಯನ್ನು ಕೂರಿಸಿ ಅವಳ ತೋರುಬೆರಳನ್ನು ಸೊಸೆ ತಿರುವಿನ ಮೇಲಿಟ್ಟಳು. ಮುದುಕಿಯ ಬೆರಳು ಗೋಡೆ ಹಿಡಿದು ಮೆಲ್ಲಗೆ ನಡೆಯಿತು. ಬಾಗಿಲು, ಹೊಸ್ತಿಲು, ಮತ್ತೆ ಗೋಡೆ. ಒಂದು ಕಡೆ ನಿಂತಿತು.

"ಇಲ್ಲೇನೋ ಒರಟ ಹತ್ತತೈತಿ."

"ಅಲ್ಲಿ ಕಟ್ಟಿ ಹಚ್ಚಿದ್ವಿ ಅವ್ವಾ. ಸುಳ್ಳ ಕಟ್ಟಿ. ಈಗ ಕಿತ್ತೇನಿ," ಎಂದ ಕಾಶಪ್ಪಣ್ಣ.

"ಯಾಕ ಹಚ್ಚಿದ್ರಿ?"

"ಅದಿದ್ರ ಅಂವ ಉಳೀತಿದ್ದ."

ಬೆರಳು ಮುಂದೆ ಹೋಗಿ ಸೀಸದ ಸಿಪಾಯಿಗೆ ತಾಗಿತು. ಅದರ ತಲೆ, ಭುಜ, ಕೈಯ ಬಂದೂಕು ಸವರಿತು.

"ಕಳಿಸಿದವರು ಯಾರು?"

"ನಾನ್ರಿ. ಕಾಶಪ್ಪ."

"ಯಾರು?" ಮತ್ತೆ ಕೇಳಿದಳು, ದನಿ ಬಂದ ಕಡೆಗೆ ಮುಖ ತಿರುಗಿಸಿ.

"ನಾ ಕಳಿಸಿದೆ ಅವ್ವಾ. ನಾ ಹೆಸರ ಹಿಡದು ಕರದೆ."

ಪಕ್ಕದ ಮನೆಯ ಮಗ್ಗ ನಿಂತಿತು, ಮತ್ತೆ ಶುರುವಾಯಿತು. ಗುಲಾಬಬಿ ಕೈ ಹಿಂದಕ್ಕೆ ತೆಗೆದುಕೊಂಡಳು.

"ನೀ ಹೋಗಪಾ ಈಗ. ನಿನಗ ಬೈಯಾಕ ನನ್ನ ಕಡೆ ಏನೂ ಉಳದಿಲ್ಲ. ಇದ್ದದ್ದೆಲ್ಲಾ ಈಕಿಗೆ ಬೈದು ತೀರಿಸೇನಿ."

ಚಹಾ ಎಂದು ಯಾರೂ ಅನ್ನಲಿಲ್ಲ, ಮತ್ತೆ ಬರ್ರಿ ಎಂದೂ ಅನ್ನಲಿಲ್ಲ. ಹಲಗೆಗಳಿಗೆ ಗೋಣಿ ಸುತ್ತಿಕೊಂಡು ಹೊರಬಂದೆವು. ಅವರ ಮನೆಯ ಮುಂದಿನ ಕಟ್ಟೆಯ ಮೇಲೆ ಬೂಟಿನ ದಾರ ಕಟ್ಟಿಕೊಳ್ಳಲಿಕ್ಕೆ ಕುಳಿತ ಕಾಶಪ್ಪಣ್ಣ ಕಟ್ಟಿಕೊಂಡಾದ ಮೇಲೂ ಏಳಲಿಲ್ಲ. ಒಳಗೆ ಮುದುಕಿ ಏನೋ ಕೇಳಿದಳು, ತಮ್ಮ ಮನೆಮಾತಿನಲ್ಲಿ. ಬುಖಾರ್, ಅಂದರೆ ಜ್ವರ, ಅನ್ನುವ ಒಂದು ಮಾತಷ್ಟೇ ನನಗೆ ತಿಳಿದದ್ದು. ಕಾಸಿಂಬಿಯ ದನಿ ಕೇಳಿಸಿತು. ಅವಳು ಹೇಳತೊಡಗಿದಳು, ನಡುವೆ ಮುದುಕಿ ಮತ್ತೇನೋ ಕೇಳಿದಳು, ಅವಳು ಮತ್ತೆ ಹೇಳಿದಳು.

ಇಪ್ಪತ್ತು ವರ್ಷ ಪಲ್ಟನ್ನಿನಲ್ಲಿದ್ದ ಕಾಶಪ್ಪಣ್ಣನಿಗೆ ಆ ಭಾಷೆ ಪೂರಾ ಬರುತ್ತಿತ್ತು. ಅವನು ತಲೆ ತಗ್ಗಿಸಿ ಕೇಳುತ್ತ ಕುಳಿತಿದ್ದ. ಬಸ್ಸಿನ ಹೊತ್ತಾಯಿತೆಂದು ನಾನು ಅವನಿಗೆ ನೆನಪು ಮಾಡಲಿಲ್ಲ.